ಬೆಳೆದವರು ಯಾರು, ಬೆಳೆಸಿದವರು ಯಾರು?

ಇಂಗ್ಲಿಷ್ ಶಬ್ದಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಮೀಸಲಾದ ಅಂಕಣವಿದು. ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹಳಷ್ಟು ಮೂರೇ ವಿಷಯಗಳ ಸುತ್ತ ಇವೆ: ಸುದ್ದಿ ಮಾಧ್ಯಮ, ಮಾದರಿ ವ್ಯಕ್ತಿಗಳು, ಚಿಕ್ಕವರು ಬೆಳೆದು ದೊಡ್ಡವರಾಗುವುದು. ಶಾಲೆಯ ಪ್ರಬಂಧಕ್ಕೂ ನೌಕರಿಯ ಸಂದರ್ಶನಕ್ಕೂ ಈ ಮೂರೂ ತಪ್ಪದೆ ಬರುವ ವಿಷಯಗಳು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಇಟ್ಟು ಉತ್ತರಿಸಿದ್ದೇವೆ. ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲೇ ಓದಿ ಬಿಡಬೇಡಿ, ಬಾಯಿಬಿಟ್ಟು ಎರಡೆರಡು ಸಲ ಹೇಳಿಕೊಳ್ಳಿ.

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸಿನ್ಯಾಗ ಓದತಾನ. ‘ಮೈ ಪೇರೆಂಟ್ಸ್ ಗ್ರೂ ಮಿ ಇನ್ ಜಮಖಂಡಿ’ ಅಂತ ಬರದಿದ್ದ. ಸರ್ ಅದರ ಕೆಳಗ ಕೆಂಪು ಗೆರಿ ಎಳದಾರ, ಯಾಕ ತಪ್ಪು ಅಂತ ಬರದಿಲ್ಲ. ಗ್ರೋ ಅಂದ್ರ ಬೆಳಸೂದು ಅಂತ ಡಿಕ್ಷನರಿಯೊಳಗ ಐತೆಲ್ಲ?
— ಒಬ್ಬ ತಾಯಿ, ಜಮಖಂಡಿ

ಉತ್ತರ: ಡಿಕ್ಷನರಿಯಲ್ಲಿ ಇರುವುದು ನಿಜ ತಾಯಿ. ಆದರೆ ಅಲ್ಲಿ ಹೇಳಿರುವುದು ಹೊಲದ ಬೆಳೆಯ ಬಗ್ಗೆ. ‘ವಿ ಗ್ರೋ ಶುಗರ್‌ಕೇನ್’ ಅಂದರೆ ನಾವು ಕಬ್ಬು ಬೆಳೆಯುತ್ತೇವೆ. ಕಬ್ಬು, ಜೋಳ, ದ್ರಾಕ್ಷಿ, ತಲೆಗೂದಲು, ಗಡ್ಡ ಇವನ್ನೆಲ್ಲ ‘ಗ್ರೋ’ ಮಾಡಬಹುದು. ಮಗನನ್ನಾಗಲಿ ಮಗಳನ್ನಾಗಲಿ ‘ಗ್ರೋ’ ಮಾಡಲು ಬರುವುದಿಲ್ಲ.

ಈ ತಪ್ಪು ಹುಟ್ಟುವುದು ನಮ್ಮ ಕನ್ನಡದ ಸೌಕರ್ಯದಿಂದ. ಕ್ರಿಯಾಪದಕ್ಕೆ ‘ಇಸು’ ಹಚ್ಚಿದರೆ ನಮಗೆ ಕೆಲಸ ಮುಗಿಯಿತು: ಬೆಳೆ–ಬೆಳೆಸು, ಕಲಿ–ಕಲಿಸು, ಏರು–ಏರಿಸು. ಇಂಗ್ಲಿಷಿನಲ್ಲಿ ಇಂಥ ಪ್ರತ್ಯಯ ಇಲ್ಲ. ಬಹಳ ಕಡೆ ಅದು ಶಬ್ದವನ್ನೇ ಬದಲಿಸುತ್ತದೆ. ಕಲಿಯುವುದು ‘ಲರ್ನ್’, ಕಲಿಸುವುದು ‘ಟೀಚ್’. ಏರುವುದು ‘ರೈಸ್’, ಏರಿಸುವುದು ‘ರೇಸ್’. ಹಾಗೆಯೇ ಮನುಷ್ಯರು ಬೆಳೆಯುವುದು ‘ಗ್ರೋ ಅಪ್’, ಮನುಷ್ಯರನ್ನು ಬೆಳೆಸುವುದು ‘ಬ್ರಿಂಗ್ ಅಪ್’.

‘ಗ್ರೋ ಅಪ್’ ಬಳಸುವಾಗ ಯಾರನ್ನು ಎಂಬ ಪ್ರಶ್ನೆಯೇ ಏಳುವುದಿಲ್ಲ, ಬೆಳೆದವನೇ ಕರ್ತೃ. ‘ಐ ಗ್ರೂ ಅಪ್ ಇನ್ ಜಮಖಂಡಿ’ ಸರಿ. ‘ಐ ವಾಸ್ ಗ್ರೋನ್ ಅಪ್ ಇನ್ ಜಮಖಂಡಿ’ ತಪ್ಪು. ಇದು ನಾವು ಅತಿ ಹೆಚ್ಚು ಕಾಣುವ ತಪ್ಪು, ಪದವಿ ಓದುವವರ ಅರ್ಜಿಗಳಲ್ಲೂ ಇರುತ್ತದೆ. ‘ಗ್ರೋಡ್’ ಎಂಬ ರೂಪವಂತೂ ಇಲ್ಲವೇ ಇಲ್ಲ: ಗ್ರೋ, ಗ್ರೂ, ಗ್ರೋನ್.

‘ಬ್ರಿಂಗ್ ಅಪ್’ಗೆ ಯಾರನ್ನು ಎಂಬುದು ಬೇಕೇ ಬೇಕು. ಭೂತಕಾಲ ‘ಬ್ರಾಟ್ ಅಪ್’. ಇಲ್ಲಿ ಶಬ್ದಗಳ ಜಾಗದ ಕಡೆ ಲಕ್ಷ್ಯವಿರಲಿ. ಮಿ, ಹಿಮ್, ಹರ್, ದೆಮ್ ಇಂಥ ಸರ್ವನಾಮ ಬಂದರೆ ನಡುವೆಯೇ ಕೂರಬೇಕು: ‘ದೇ ಬ್ರಾಟ್ ಮಿ ಅಪ್’. ‘ದೇ ಬ್ರಾಟ್ ಅಪ್ ಮಿ’ ಅನ್ನುವಂತಿಲ್ಲ. ಸರ್ವನಾಮದ ಬದಲು ನಾಮಪದ ಬಂದರೆ ಎರಡೂ ನಡೆಯುತ್ತದೆ: ‘ಶಿ ಬ್ರಾಟ್ ಅಪ್ ಫೋರ್ ಚಿಲ್ಡ್ರನ್’, ‘ಶಿ ಬ್ರಾಟ್ ಫೋರ್ ಚಿಲ್ಡ್ರನ್ ಅಪ್’. ಅಜ್ಜಿಯ ಹತ್ತಿರ ಬೆಳೆದ ಮಕ್ಕಳು ‘ಐ ವಾಸ್ ಬ್ರಾಟ್ ಅಪ್ ಬೈ ಮೈ ಗ್ರ್ಯಾಂಡ್‌ಮದರ್’ ಎಂದು ಬರೆಯಲಿ. ‘ರೇಸ್’ ಕೂಡ ಇದೇ ಅರ್ಥ ಕೊಡುತ್ತದೆ, ಅಮೆರಿಕದವರಿಗೆ ಅದೇ ಹೆಚ್ಚು ರೂಢಿ. ಆಡು, ಕುರಿ, ಕೋಳಿ ಸಾಕುವುದಕ್ಕೂ ‘ರೇಸ್’ ಬರುತ್ತದೆ. ಕುರಿಯನ್ನು ಮಾತ್ರ ಯಾರೂ ‘ಬ್ರಿಂಗ್ ಅಪ್’ ಮಾಡುವುದಿಲ್ಲ.

ನಿಮ್ಮ ಮಗನ ವಾಕ್ಯ ಹೀಗಿರಲಿ: ‘ಮೈ ಪೇರೆಂಟ್ಸ್ ಬ್ರಾಟ್ ಮಿ ಅಪ್ ಇನ್ ಜಮಖಂಡಿ’. ಅದಕ್ಕೂ ಮೊದಲು ಹುಟ್ಟಿದ ಊರು ಬರೆಯುವುದಿದ್ದರೆ ‘ಐ ಬಾರ್ನ್’ ಬೇಡ, ‘ಐ ವಾಸ್ ಬಾರ್ನ್’ ಬೇಕು. ಕನ್ನಡದಲ್ಲಿ ಹುಟ್ಟುವುದು ಮಗುವಿನ ಕ್ರಿಯೆ. ಇಂಗ್ಲಿಷಿನ ‘ಬೇರ್’ ಎಂಬ ಮೂಲ ಕ್ರಿಯೆ ತಾಯಿಯದು, ಹೆರುವುದು ಎಂದರ್ಥ. ಮಗು ಹೆರಲ್ಪಟ್ಟಿತು ಎಂಬ ಲೆಕ್ಕದಲ್ಲಿ ಆ ‘ವಾಸ್’ ಬಂದಿದೆ.

ಇನ್ನೊಂದು ಮಾತು ನಿಮ್ಮ ಮನೆಯಲ್ಲೇ ಉಪಯೋಗಕ್ಕೆ ಬರುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಹಳೇ ಯೂನಿಫಾರ್ಮ್ ತೊಡಿಸಿ ನೋಡಿ ‘ಅಂಗಿ ಗಿಡ್ಡ ಆತು’ ಅನ್ನುತ್ತೀರಲ್ಲ, ಅದನ್ನು ಇಂಗ್ಲಿಷಿನವರು ಹುಡುಗನ ಕಡೆಯಿಂದ ಹೇಳುತ್ತಾರೆ: ‘ಹಿ ಹ್ಯಾಸ್ ಔಟ್‌ಗ್ರೋನ್ ಹಿಸ್ ಶರ್ಟ್’. ಅಂಗಿ ಇದ್ದ ಹಾಗೇ ಇದೆ, ಹುಡುಗ ಅದನ್ನು ಮೀರಿ ಬೆಳೆದಿದ್ದಾನೆ. ಬೆರಳು ಚೀಪುವಂಥ ಅಭ್ಯಾಸ ವಯಸ್ಸಿನೊಂದಿಗೆ ತಾನಾಗಿ ಬಿಟ್ಟುಹೋದರೂ ಇದೇ ಮಾತು: ‘ಹಿ ಗ್ರೂ ಔಟ್ ಆಫ್ ಇಟ್’.

ಪ್ರಶ್ನೆ: ‘ಮೀಡಿಯಾ ಈಸ್’ ಸರಿಯೋ ‘ಮೀಡಿಯಾ ಆರ್’ ಸರಿಯೋ? ನಮ್ಮ ಇಬ್ಬರು ಉಪನ್ಯಾಸಕರು ಬೇರೆ ಬೇರೆ ಹೇಳುತ್ತಾರೆ.
— ಪಿಯುಸಿ ವಿದ್ಯಾರ್ಥಿ, ಇಂಡಿ

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ. ‘ಮೀಡಿಯಾ’ ಎಂಬುದು ‘ಮೀಡಿಯಂ’ ಎಂಬ ಲ್ಯಾಟಿನ್ ಮೂಲದ ಶಬ್ದದ ಬಹುವಚನ. ‘ನೀ ಯಾವ ಮೀಡಿಯಂ?’ ಎಂದು ಕೇಳಿದರೆ ‘ಕನ್ನಡ ಮೀಡಿಯಂ’ ಅನ್ನುತ್ತೇವಲ್ಲ, ಅದೇ ಮೀಡಿಯಂ. ನಡುವೆ ನಿಂತು ದಾಟಿಸುವಂಥದ್ದು ಎಂದರ್ಥ. ಕನ್ನಡದ ‘ಮಾಧ್ಯಮ’ವೂ ಹೀಗೆ ಎರಡೂ ಕಡೆ ಸಲ್ಲುತ್ತದೆ: ಪಾಠ ದಾಟಿಸುವುದು ಕನ್ನಡ ಮಾಧ್ಯಮ, ಸುದ್ದಿ ದಾಟಿಸುವುದು ಸುದ್ದಿ ಮಾಧ್ಯಮ.

ಪರೀಕ್ಷೆಯಲ್ಲಿ ‘ದ ಮೀಡಿಯಾ ಆರ್’ ಎಂದೇ ಬರೆ ತಮ್ಮಾ, ಅದಕ್ಕೆ ಯಾರೂ ಅಂಕ ಕಳೆಯಲಾರರು. ಆಡುಮಾತಿನಲ್ಲಿ, ಅದರಲ್ಲೂ ಸೋಶಿಯಲ್ ಮೀಡಿಯಾ ಅನ್ನುವಾಗ, ‘ಈಸ್’ ಈಗ ಎಲ್ಲ ಕಡೆ ನಡೆಯುತ್ತದೆ. ಒಂದೇ ಪ್ರಬಂಧದಲ್ಲಿ ಒಮ್ಮೆ ಅದು, ಒಮ್ಮೆ ಇದು ಮಾಡಬೇಡ. ‘ಎ ಮೀಡಿಯಾ’ ಮಾತ್ರ ಎಲ್ಲಿಯೂ ಸಲ್ಲದು. ರೇಡಿಯೋ ಒಂದನ್ನೇ ಹೇಳುವಾಗ ‘ರೇಡಿಯೋ ಈಸ್ ಎ ಮೀಡಿಯಂ’. ‘ಮೀಡಿಯಮ್ಸ್’ ಎಂಬ ಇನ್ನೊಂದು ಬಹುವಚನವೂ ಉಂಟು. ಸತ್ತವರ ಆತ್ಮ ಮೈಮೇಲೆ ಬಂದು ಮಾತಾಡುತ್ತದೆ ಎನ್ನುವವರಿಗೆ ಇಂಗ್ಲಿಷಿನಲ್ಲಿ ಮೀಡಿಯಂ ಎನ್ನುತ್ತಾರೆ, ಅಂಥವರು ಹಲವರಿದ್ದರೆ ‘ಮೀಡಿಯಮ್ಸ್’. ಪತ್ರಿಕೆಗಳ ಬಗ್ಗೆ ಬರೆಯುವಾಗ ಆ ರೂಪ ಬೇಡ.

‘ನ್ಯೂಸ್’ ಕೊನೆಯಲ್ಲಿ ‘ಸ್’ ಇದ್ದರೂ ಏಕವಚನ: ‘ದ ನ್ಯೂಸ್ ಈಸ್ ಗುಡ್’. ಒಂದು ಸುದ್ದಿ ಎನ್ನಲು ‘ಎ ಪೀಸ್ ಆಫ್ ನ್ಯೂಸ್’. ‘ಇನ್‌ಫರ್ಮೇಶನ್’ಗೂ ಇದೇ ನಿಯಮ. ‘ಆ್ಯನ್ ಇನ್‌ಫರ್ಮೇಶನ್’, ‘ಇನ್‌ಫರ್ಮೇಶನ್ಸ್’ ಎರಡೂ ತಪ್ಪು.

ಪ್ರಶ್ನೆ: ‘ಇಶ್ಯೂ’ ಮತ್ತು ‘ಎಡಿಶನ್’ ಒಂದೇನಾ?
— ಪತ್ರಿಕಾ ಏಜೆಂಟ್, ಹುನಗುಂದ

ಉತ್ತರ: ಅಲ್ಲ. ಇಶ್ಯೂ ಅಂದರೆ ಸಂಚಿಕೆ, ಅಂದರೆ ಈ ವಾರದ್ದು, ಹೋದ ವಾರದ್ದು. ಎಡಿಶನ್ ಅಂದರೆ ಆವೃತ್ತಿ: ಬೆಳಗಾವಿ ಆವೃತ್ತಿ, ವಿಜಯಪುರ ಆವೃತ್ತಿ. ನಿಮ್ಮ ವ್ಯವಹಾರಕ್ಕೆ ಬೇಕಾದ ಇನ್ನೊಂದು ಜೋಡಿ ‘ಸರ್ಕ್ಯುಲೇಶನ್’ ಮತ್ತು ‘ರೀಡರ್‌ಶಿಪ್’. ಮೊದಲನೆಯದು ಹಂಚಿಕೆಯಾದ ಪ್ರತಿಗಳ ಲೆಕ್ಕ, ಎರಡನೆಯದು ಓದಿದ ಜನರ ಲೆಕ್ಕ. ಚಹಾದಂಗಡಿಗೆ ಹಾಕಿದ ಒಂದು ಪ್ರತಿಯನ್ನು ಇಪ್ಪತ್ತು ಜನ ಓದಿದರೆ ಸರ್ಕ್ಯುಲೇಶನ್ 1, ರೀಡರ್‌ಶಿಪ್ 20.

ಪ್ರಶ್ನೆ: ‘ಮೈ ರೋಲ್ ಮಾಡೆಲ್’ ಪ್ರಬಂಧ ಬರೆಯಬೇಕು. ರೋಲ್ ಮಾಡೆಲ್, ಹೀರೋ, ಐಡಲ್, ಸೆಲೆಬ್ರಿಟಿ, ಮೆಂಟರ್ ಇವೆಲ್ಲ ಒಂದೇ ಅರ್ಥವೋ? ಯಾವುದನ್ನು ಎಲ್ಲಿ ಬಳಸಬೇಕು ಅಕ್ಕಾರ?
— ಹತ್ತನೇ ತರಗತಿ ವಿದ್ಯಾರ್ಥಿನಿ, ಬೈಲಹೊಂಗಲ

ಉತ್ತರ: ಒಂದೇ ಅರ್ಥವಲ್ಲ ತಂಗಿ, ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೆ ಹೇಳುವ ಮಾತೇ ಬದಲಾಗುತ್ತದೆ. ನಿನ್ನ ಊರಿನವರನ್ನೇ ಇಟ್ಟುಕೊಂಡು ನೋಡೋಣ.

1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರು ಚೆನ್ನಮ್ಮ ‘ಹೀರೋ’. ಧೈರ್ಯದ ಕೆಲಸ ಮಾಡಿದವರಿಗೆ ಈ ಶಬ್ದ. ‘ಹೀರೋಯಿನ್’ ತಪ್ಪಲ್ಲ, ಆದರೆ ಈಗ ಕೇಳಿದವರಿಗೆ ಸಿನಿಮಾ ನಾಯಕಿಯೇ ನೆನಪಾಗುತ್ತಾಳೆ, ಹೆಂಗಸರನ್ನೂ ಹೀರೋ ಎಂದೇ ಬರೆಯುವುದು ಇಂದಿನ ರೂಢಿ. ಸಂಗೊಳ್ಳಿ ರಾಯಣ್ಣ ಹೀರೋ ಹೌದು, ‘ಮಾರ್ಟರ್’ ಕೂಡ ಹೌದು, ಅಂದರೆ ಹುತಾತ್ಮ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದನ್ನು ಬರೆಯುವಾಗ ಒಂದು ಎಚ್ಚರ ಬೇಕು: ‘ರಾಯಣ್ಣ ವಾಸ್ ಹ್ಯಾಂಗ್ಡ್’. ಗೋಡೆಗೆ ಫೋಟೋ ತೂಗುಹಾಕಿದ್ದಕ್ಕೆ ‘ಹಂಗ್’. ಮನುಷ್ಯರನ್ನು ಗಲ್ಲಿಗೇರಿಸಿದ್ದಕ್ಕೆ ‘ಹ್ಯಾಂಗ್ಡ್’ ಎಂಬ ಬೇರೆ ರೂಪವನ್ನೇ ಇಂಗ್ಲಿಷ್ ಉಳಿಸಿಕೊಂಡಿದೆ.

‘ಐಡಲ್’ ಅಂದರೆ ಮೂರ್ತಿ. ಮನುಷ್ಯರಿಗೆ ಹೇಳಿದಾಗ ಪೂಜಿಸುವ ಮಟ್ಟಕ್ಕೆ ಮೆಚ್ಚಿದವರು ಎಂದಾಗುತ್ತದೆ. ಇದರ ಕಾಗುಣಿತದಲ್ಲಿ ಎಡವುವವರು ಬಹಳ. ಸೋಮಾರಿ, ಸುಮ್ಮನೆ ಕುಳಿತವನು ಎಂಬರ್ಥದ ಶಬ್ದದ ಉಚ್ಚಾರವೂ ಇದೇ, ಕಾಗುಣಿತ ಮಾತ್ರ ಬೇರೆ. ಮೂರ್ತಿಯ ಅರ್ಥದ್ದರಲ್ಲಿ ಡಿ ಅಕ್ಷರದ ನಂತರ ಓ, ಎಲ್ ಬರುತ್ತವೆ. ಸೋಮಾರಿಯ ಅರ್ಥದ್ದರಲ್ಲಿ ಎಲ್, ಇ. ಅದಲು ಬದಲಾದರೆ ಅಪ್ಪನನ್ನು ಹೊಗಳಲು ಹೋಗಿ ಸೋಮಾರಿ ಎಂದ ಹಾಗಾಗುತ್ತದೆ. ಇವೆರಡರ ಪಕ್ಕದ ‘ಐಡಿಯಲ್’ ಬೇರೆಯೇ ಶಬ್ದ, ಆದರ್ಶ ಎಂದರ್ಥ, ಅದರಲ್ಲಿ ಒತ್ತು ‘ಡೀ’ ಮೇಲೆ ಬೀಳುತ್ತದೆ.

‘ಸೆಲೆಬ್ರಿಟಿ’ ಅಂದರೆ ಬಹಳ ಜನಕ್ಕೆ ಗೊತ್ತಿರುವವರು, ಅಷ್ಟೇ. ಒಳ್ಳೆಯವರು ಎಂಬ ಅರ್ಥ ಆ ಶಬ್ದದಲ್ಲಿ ಇಲ್ಲ. ‘ಇನ್‌ಫ್ಲುಯೆನ್ಸರ್’ ಅಂದರೆ ತನ್ನ ಫಾಲೋವರ್‌ಗಳ ಉಡುಗೆ, ಊಟ, ಖರೀದಿಯ ಮೇಲೆ ಪ್ರಭಾವ ಬೀರುವವರು. ಬಹಳ ಸಲ ಅದಕ್ಕೆ ಕಂಪನಿಗಳಿಂದ ಹಣವೂ ಬರುತ್ತದೆ.

‘ಮೆಂಟರ್’ಗೆ ನೀನು ಗೊತ್ತಿರಬೇಕು. ಗ್ರೀಕರ ಕಥೆಯಲ್ಲಿ ಒಡಿಸ್ಸಿಯಸ್ ಯುದ್ಧಕ್ಕೆ ಹೊರಟಾಗ ಮನೆಯನ್ನು ಒಪ್ಪಿಸಿ ಹೋದ ಗೆಳೆಯನ ಹೆಸರು ಮೆಂಟರ್. ಹಾಗಾಗಿ ಕೈಹಿಡಿದು ದಾರಿ ತೋರಿಸುವ ನಿನ್ನ ಶಾಲೆಯ ಅಕ್ಕೋರು ಮೆಂಟರ್ ಆಗಬಹುದು. 1829ರಲ್ಲಿ ತೀರಿಕೊಂಡ ಚೆನ್ನಮ್ಮ ನಿನ್ನ ಮೆಂಟರ್ ಆಗಲಾರರು, ರೋಲ್ ಮಾಡೆಲ್ ಆಗಬಲ್ಲರು.

ಇನ್ನು ರೋಲ್ ಮಾಡೆಲ್. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರ ಬರವಣಿಗೆಯಿಂದ ಬಳಕೆಗೆ ಬಂದ ಮಾತಿದು. ‘ರೋಲ್’ ಅಂದರೆ ಪಾತ್ರ, ವಿದ್ಯಾರ್ಥಿಯ ಪಾತ್ರ, ಆಟಗಾರ್ತಿಯ ಪಾತ್ರ, ತಾಯಿಯ ಪಾತ್ರ ಎಂಬ ಅರ್ಥದಲ್ಲಿ. ಒಂದು ಪಾತ್ರವನ್ನು ಹೇಗೆ ನಿರ್ವಹಿಸಬೇಕು ಎಂಬುದಕ್ಕೆ ನಾವು ಕಣ್ಣೆದುರು ಇಟ್ಟುಕೊಂಡವರು ಆ ಪಾತ್ರಕ್ಕೆ ರೋಲ್ ಮಾಡೆಲ್. ಒಬ್ಬರೇ ಎಲ್ಲದಕ್ಕೂ ಮಾದರಿ ಆಗಬೇಕಿಲ್ಲ. ಓದಿಗೆ ಒಬ್ಬರು, ಓಟಕ್ಕೆ ಇನ್ನೊಬ್ಬರು ಇರಬಹುದು. ಪ್ರಬಂಧದ ಮೊದಲ ವಾಕ್ಯದಲ್ಲೇ ಯಾವ ಪಾತ್ರಕ್ಕೆ ಎಂದು ಹೇಳಿಬಿಟ್ಟರೆ ಮುಂದಿನದೆಲ್ಲ ಸರಾಗ.

ಹೆಚ್ಚಿನ ಪ್ರಬಂಧಗಳು ಸೋಲುವುದು ಗುಣವಾಚಕಗಳಲ್ಲಿ. ‘ಹಿ ಈಸ್ ಸಿಂಪಲ್, ಆನೆಸ್ಟ್ ಆ್ಯಂಡ್ ಹಾರ್ಡ್‌ವರ್ಕಿಂಗ್’ ಎಂಬ ವಾಕ್ಯವನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಆದ್ದರಿಂದ ಅದು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಗುಣ ಹೇಳುವ ಬದಲು ಕೆಲಸ ಹೇಳು. ವಿಜಯಪುರದ ಫ. ಗು. ಹಳಕಟ್ಟಿಯವರನ್ನು ತಗೋ. ವಕೀಲರಾಗಿದ್ದವರು, ಊರೂರು ತಿರುಗಿ ವಚನಗಳ ತಾಡೋಲೆ ಕೂಡಿಸಿದರು, ಅಚ್ಚು ಹಾಕಲು ಮನೆ ಮಾರಿ ಮುದ್ರಣಾಲಯ ಮಾಡಿದರು, 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವ ಕರ್ನಾಟಕ’ ಪತ್ರಿಕೆ ಶುರುಮಾಡಿದರು. ‘ಹಿ ಸೋಲ್ಡ್ ಹಿಸ್ ಹೌಸ್ ಟು ಸೆಟ್ ಅಪ್ ಎ ಪ್ರಿಂಟಿಂಗ್ ಪ್ರೆಸ್’ ಎಂಬ ಒಂದೇ ವಾಕ್ಯ ಓದಿದವರಿಗೆ ‘ಡೆಡಿಕೇಟೆಡ್’ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ತಾಯಿಯ ಬಗ್ಗೆ ಬರೆದರೂ ಹೀಗೆಯೇ ಮಾಡು: ನಸುಕಿನ 5 ಗಂಟೆಗೆ ಎದ್ದು ರೊಟ್ಟಿ ಬಡಿದು ಹೊಲಕ್ಕೆ ಹೋಗುವುದನ್ನು ಬರೆ.

ಕ್ರಿಯಾಪದಗಳಲ್ಲಿ ಮೂರು ಸಾಕು. ‘ಐ ಅಡ್ಮೈರ್ ಹರ್’, ಮೆಚ್ಚುತ್ತೇನೆ. ‘ಐ ಲುಕ್ ಅಪ್ ಟು ಹರ್’, ಗೌರವದಿಂದ ತಲೆಯೆತ್ತಿ ನೋಡುತ್ತೇನೆ. ಇಲ್ಲಿನ ‘ಟು’ ಬಿಟ್ಟರೆ ಡಿಕ್ಷನರಿಯಲ್ಲಿ ಶಬ್ದ ಹುಡುಕಿದ ಹಾಗೆ ಅವರನ್ನು ಹುಡುಕಿದೆ ಎಂದಾಗುತ್ತದೆ. ‘ಐ ಟ್ರೈ ಟು ಫಾಲೋ ಹರ್ ಎಕ್ಸಾಂಪಲ್’, ಅವರಂತೆ ನಡೆಯಲು ಪ್ರಯತ್ನಿಸುತ್ತೇನೆ. ಕೆಲವರು ಇಲ್ಲಿ ‘ಟೇಕ್ ಆಫ್ಟರ್’ ಬರೆಯುತ್ತಾರೆ. ಅದು ರಕ್ತಸಂಬಂಧದಿಂದ ಬಂದ ಹೋಲಿಕೆಗೆ ಮಾತ್ರ: ಮೂಗು ಅಪ್ಪನದು, ಸಿಟ್ಟು ಅಜ್ಜನದು ಅನ್ನುತ್ತೇವಲ್ಲ, ಅದಕ್ಕೆ.

ಪ್ರಶ್ನೆ: ಟೀನೇಜರ್, ಅಡಲೆಸೆಂಟ್, ಮೈನರ್, ಅಡಲ್ಟ್ ಇವುಗಳ ವಯಸ್ಸಿನ ಲೆಕ್ಕ ತಿಳಿಸಿ. ‘ದೊಡ್ಡಾಕಿ ಆದಳು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಡಾಕ್ಟರ ಹತ್ತಿರ ಹೇಳುವಾಗ ತೊಡಕಾಗುತ್ತದೆ.
— ಅಂಗನವಾಡಿ ಕಾರ್ಯಕರ್ತೆ, ಮುಧೋಳ

ಉತ್ತರ: ಟೀನೇಜರ್ ಲೆಕ್ಕ ಶಬ್ದದ ಬಾಲದಲ್ಲೇ ಇದೆ. ಥರ್ಟೀನ್‌ನಿಂದ ನೈಂಟೀನ್‌ವರೆಗೆ ‘ಟೀನ್’ ಎಂದು ಮುಗಿಯುವ ವಯಸ್ಸು, 13ರಿಂದ 19. ಹನ್ನೆರಡು ವರ್ಷದ ಹುಡುಗಿ ಟೀನೇಜರ್ ಅಲ್ಲ. ಹೇಳುವಾಗ ಥರ್ಟೀನ್‌ನ ಒತ್ತು ಕೊನೆಯ ‘ಟೀನ್’ ಮೇಲೆ, ಥರ್ಟಿಯ ಒತ್ತು ಮೊದಲಿನ ‘ಥರ್’ ಮೇಲೆ. ಇದು ತಪ್ಪಿದರೆ ಡಾಕ್ಟರು 13ರ ಬದಲು 30 ಎಂದು ಬರೆದುಕೊಂಡಾರು.

ಅಡಲೆಸೆಂಟ್ ವೈದ್ಯರ, ಇಲಾಖೆಗಳ ಶಬ್ದ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 10ರಿಂದ 19 ವರ್ಷ ಎಂದು ಗುರುತಿಸಿದೆ. ಅಡಲೆಸೆಂಟ್, ಅಡಲ್ಟ್ ಎರಡೂ ಒಂದೇ ಲ್ಯಾಟಿನ್ ಕ್ರಿಯಾಪದದಿಂದ ಬಂದವು: ಮೊದಲನೆಯದು ಬೆಳೆಯುತ್ತಿರುವವರು, ಎರಡನೆಯದು ಬೆಳೆದು ಮುಗಿದವರು. ಮೈನರ್ ಕಾನೂನಿನ ಶಬ್ದ, ನಮ್ಮಲ್ಲಿ 18 ತುಂಬದವರು. ಮತದಾನದ ವಯಸ್ಸು ಮೊದಲು 21 ಇತ್ತು, ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ಕಾನೂನಿನ ಪ್ರಕಾರ ವಯಸ್ಸಿಗೆ ಬರುವುದಕ್ಕೆ ‘ಕಮ್ ಆಫ್ ಏಜ್’ ಎನ್ನುತ್ತಾರೆ.

‘ದೊಡ್ಡಾಕಿ ಆದಳು’ ಎಂಬುದನ್ನು ಶಬ್ದಕ್ಕೆ ಶಬ್ದ ತಿರುಗಿಸಿದರೆ ಮೈ ದಪ್ಪವಾಯಿತು ಎಂದು ಕೇಳಿಸುತ್ತದೆ. ನಮ್ಮ ಕಡೆ ಕೆಲವರು ‘ಶಿ ಮೆಚೂರ್ಡ್’ ಅನ್ನುತ್ತಾರೆ. ಅದು ಇಲ್ಲಿಯವರಿಗೆ ತಿಳಿದರೂ ಹೊರಗಿನವರಿಗೆ ಬುದ್ಧಿ ಬಲಿಯಿತು ಎಂಬರ್ಥ ಕೊಡುತ್ತದೆ. ಡಾಕ್ಟರಿಗೆ ನೇರವಾಗಿ ‘ಶಿ ಸ್ಟಾರ್ಟೆಡ್ ಹರ್ ಪೀರಿಯಡ್ಸ್ ಲಾಸ್ಟ್ ಮಂತ್’ ಎಂದು ಹೇಳಿ. ನಾಚಿಕೆಯ ಮಾತಲ್ಲ, ಆಸ್ಪತ್ರೆಯಲ್ಲಿ ಬೇಕಾಗುವುದೂ ಇದೇ ಸ್ಪಷ್ಟತೆ. ವರದಿಯಲ್ಲಿ ಬರೆಯುವುದಿದ್ದರೆ ‘ರೀಚ್ಡ್ ಪ್ಯೂಬರ್ಟಿ’. ಪ್ಯೂಬರ್ಟಿ ಗಂಡುಮಕ್ಕಳಿಗೂ ಅನ್ವಯಿಸುತ್ತದೆ.

ಮಕ್ಕಳ ನಡವಳಿಕೆ ಬರೆಯುವಾಗ ‘ಚೈಲ್ಡಿಶ್’ ಮತ್ತು ‘ಚೈಲ್ಡ್‌ಲೈಕ್’ ಬೆರೆಸಬೇಡಿ. ಮೊದಲನೆಯದು ಬೈಗುಳ, ದೊಡ್ಡವರಾಗಿಯೂ ಹುಡುಗಾಟ ಮಾಡುವುದು. ಎರಡನೆಯದು ಮಗುವಿನಂಥ ಮುಗ್ಧತೆ, ಹೊಗಳಿಕೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಲೈಬ್ರರಿಗೆ ಹೋಗಿ ದಿನಾ ಇಂಗ್ಲಿಷ್ ಪೇಪರ್ ಓದತೇನ್ರಿ. ಒಳಗಿನ ಸುದ್ದಿ ಹೆಂಗೋ ತಿಳೀತದ, ಹೆಡ್‌ಲೈನೇ ತಿಳಿಯೂದಿಲ್ಲ. ಗ್ರಾಮರ್ ತಪ್ಪಿದ್ದಂಗ ಅನಸ್ತದ.
— ವಿಜಯಪುರದ ಓದುಗ

ಉತ್ತರ: ತಪ್ಪಿಲ್ಲ, ಹೆಡ್‌ಲೈನಿಗೆ ಅದರದೇ ವ್ಯಾಕರಣ ಇದೆ. ಜಾಗ ಕಡಿಮೆ ಇರುವುದರಿಂದ ‘ಎ’, ‘ದ’, ‘ಈಸ್’, ‘ವಾಸ್’ ಇಂಥವನ್ನು ಕಿತ್ತುಹಾಕುತ್ತಾರೆ. ಅವನ್ನು ನೀವು ವಾಪಸು ತುಂಬಿಕೊಂಡು ಓದಬೇಕು. ಕೆಳಗಿನವು ನಾವೇ ಕಟ್ಟಿದ ಮಾದರಿಗಳು.

‘ತ್ರೀ ಹೆಲ್ಡ್ ಇನ್ ನಿಪ್ಪಾಣಿ’. ಇಲ್ಲಿ ‘ಹೆಲ್ಡ್’ ಅಂದರೆ ಬಂಧನ. ಮುಂದೆ ‘ಹ್ಯಾವ್ ಬೀನ್’ ಸೇರಿಸಿಕೊಳ್ಳಿ: ಮೂವರನ್ನು ಬಂಧಿಸಲಾಗಿದೆ. ಮೂವರು ಯಾರನ್ನೋ ಹಿಡಿದರು ಎಂದು ತಿಳಿದರೆ ಸುದ್ದಿಯೇ ತಲೆಕೆಳಗು.

‘ಅಪೋಸಿಶನ್ ಟು ರೇಸ್ ಕೇನ್ ಪ್ರೈಸ್ ಇನ್ ಬೆಳಗಾವಿ ಸೆಶನ್’. ಹೆಡ್‌ಲೈನಿನಲ್ಲಿ ಕ್ರಿಯಾಪದದ ಹಿಂದೆ ‘ಟು’ ಬಂದರೆ ಅದು ಭವಿಷ್ಯತ್ಕಾಲ. ಪ್ರತಿಪಕ್ಷ ಕಬ್ಬಿನ ದರದ ವಿಷಯ ಎತ್ತಲಿದೆ ಎಂದರ್ಥ. ಪ್ರತಿಪಕ್ಷವೇ ದರ ಏರಿಸುತ್ತದೆ ಎಂದು ತಿಳಿಯಬೇಡಿ, ಜಮಖಂಡಿಯ ತಾಯಿಗೆ ಹೇಳಿದ ‘ರೇಸ್’ ಇಲ್ಲಿ ಮೂರನೇ ಅರ್ಥದಲ್ಲಿ ಬಂದಿದೆ.

‘ಕ್ಯಾಬಿನೆಟ್ ನಾಡ್ ಫಾರ್ ನ್ಯೂ ಬ್ರಿಜ್’. ‘ನಾಡ್’ ಅಂದರೆ ತಲೆಯಾಡಿಸುವುದು, ಅಂದರೆ ಒಪ್ಪಿಗೆ. ‘ಫ್ಲಡ್ ಹಿಟ್ಸ್ ರಿವರ್‌ಸೈಡ್ ವಿಲೇಜಸ್’. ಪ್ರವಾಹ ಬಂದದ್ದು ನಿನ್ನೆಯಾದರೂ ಕ್ರಿಯಾಪದ ವರ್ತಮಾನದಲ್ಲೇ ಇರುತ್ತದೆ.

ಹೆಡ್‌ಲೈನಿನವರು ಚಿಕ್ಕ ಶಬ್ದಗಳ ಒಂದು ಚೀಲವನ್ನೇ ಇಟ್ಟುಕೊಂಡಿರುತ್ತಾರೆ. ಪ್ರೋಬ್ ಎಂದರೆ ತನಿಖೆ, ಬಿಡ್ ಎಂದರೆ ಪ್ರಯತ್ನ, ಹೈಕ್ ಎಂದರೆ ಏರಿಕೆ, ಸ್ಲ್ಯಾಮ್ ಎಂದರೆ ಕಟುವಾಗಿ ಟೀಕಿಸು, ಮಲ್ ಎಂದರೆ ಆಲೋಚಿಸು, ಔಸ್ಟ್ ಎಂದರೆ ಅಧಿಕಾರದಿಂದ ಕಿತ್ತುಹಾಕು. ಸಾಲು ಎಂಬರ್ಥದ ‘ರೋ’ ಗೊತ್ತಿರುತ್ತದೆ. ಅದೇ ಕಾಗುಣಿತವನ್ನು ‘ರೌ’ ಎಂದು ಉಚ್ಚರಿಸಿದರೆ ಜಗಳ, ವಿವಾದ. ‘ಬಾರ್ಡರ್ ರೌ’ ಎಂಬುದು ನಮ್ಮ ಗಡಿ ಭಾಗದವರಿಗೆ ಹೊಸದಲ್ಲ. ಹೆಸರಿನ ನಂತರ ಎರಡು ಚುಕ್ಕಿ ಬಂದರೆ ‘ಎಂದು ಹೇಳಿದ್ದಾರೆ’ ಎಂದು ಓದಿ. ಅಲ್ಪವಿರಾಮ ಬಂದರೆ ಅನೇಕ ಸಲ ‘ಮತ್ತು’.

ದಿನಕ್ಕೆ ನಾಲ್ಕು ಹೆಡ್‌ಲೈನ್ ಆರಿಸಿ, ಬಿಟ್ಟುಹೋದ ಶಬ್ದ ತುಂಬಿ ಪೂರ್ತಿ ವಾಕ್ಯವಾಗಿ ಬರೆಯಿರಿ. ಆಮೇಲೆ ಸುದ್ದಿಯ ಮೊದಲ ಪ್ಯಾರಾ ಓದಿ ತಾಳೆ ನೋಡಿ. ಮೊದಲೇ ಪ್ಯಾರಾ ಓದಿಬಿಟ್ಟರೆ ಅಭ್ಯಾಸ ವ್ಯರ್ಥ.

ಪ್ರಶ್ನೆ: ‘ಬ್ರಾಡ್‌ಕಾಸ್ಟೆಡ್’ ಅನ್ನಬಹುದೇ?
— ಬಿ.ಎ. ವಿದ್ಯಾರ್ಥಿನಿ, ಸಿಂದಗಿ

ಉತ್ತರ: ಕೆಲ ಡಿಕ್ಷನರಿಗಳಲ್ಲಿ ಇದೆ, ಆದರೂ ‘ಬ್ರಾಡ್‌ಕಾಸ್ಟ್’ ಎಂದೇ ಬರೆಯುವುದು ಕ್ಷೇಮ. ‘ಕಾಸ್ಟ್’ಗೆ ಮೂರೂ ಕಾಲದಲ್ಲಿ ಒಂದೇ ರೂಪ. ಟೆಲಿಕಾಸ್ಟ್, ಫೋರ್‌ಕಾಸ್ಟ್ ಇವನ್ನೂ ಹಾಗೇ ಇಡು.

ಈ ಶಬ್ದ ರೇಡಿಯೋಗೆ ಬಂದದ್ದು ಹೊಲದಿಂದ. ಕಾಸ್ಟ್ ಅಂದರೆ ಎಸೆ, ಬ್ರಾಡ್ ಅಂದರೆ ಅಗಲಕ್ಕೆ. ಉಡಿಯಲ್ಲಿ ಬೀಜ ಹಾಕಿಕೊಂಡು ಕೈಯಿಂದ ಉಗ್ಗುತ್ತ ಹೋಗುವ ಬಿತ್ತನೆಗೆ ಇಂಗ್ಲಿಷಿನವರು ಬ್ರಾಡ್‌ಕಾಸ್ಟ್ ಎನ್ನುತ್ತಿದ್ದರು, ಕೃಷಿ ಪುಸ್ತಕಗಳಲ್ಲಿ ಈಗಲೂ ಆ ಅರ್ಥ ಉಳಿದಿದೆ. ಯಾವ ಕಾಳು ಎಲ್ಲಿ ಬೀಳುತ್ತದೆಂದು ಉಗ್ಗಿದವರಿಗೆ ಗೊತ್ತಿರುವುದಿಲ್ಲ. ರೇಡಿಯೋ ಬಂದಾಗ ಆ ಹೋಲಿಕೆ ಸರಿಯಾಗಿ ಹೊಂದಿತು: ಧಾರವಾಡ ಆಕಾಶವಾಣಿಯಿಂದ ಹೊರಟ ಹಾಡು ಯಾರ ಮನೆಯಲ್ಲಿ ಕೇಳಿಸಿತೆಂದು ಹಾಡಿದವರಿಗೆ ತಿಳಿಯದು. ಆಯ್ದ ಜನರಿಗೆ ಮಾತ್ರ ಕಳಿಸುವುದಕ್ಕೆ ‘ನ್ಯಾರೋಕಾಸ್ಟ್’ ಎಂಬ ಶಬ್ದ ಆಮೇಲೆ ಹುಟ್ಟಿತು. ನಿಮ್ಮ ಕಡೆ ಬಿಳಿಜೋಳವನ್ನು ಕೂರಿಗೆ ಹಿಡಿದು ಸಾಲಿಗೆ ಬಿಡುತ್ತಾರಲ್ಲ, ಹಾಗೆ.

ಮಾಧ್ಯಮದ ಹೆಸರಿನ ಹಿಂದೆ ಬರುವ ಸಣ್ಣ ಶಬ್ದಗಳನ್ನೂ ಇಲ್ಲೇ ಬರೆದಿಟ್ಟುಕೋ: ‘ಆನ್ ದ ರೇಡಿಯೋ’, ‘ಆನ್ ಟಿವಿ’ (ನಡುವೆ ‘ದ’ ಇಲ್ಲ), ‘ಇನ್ ದ ನ್ಯೂಸ್‌ಪೇಪರ್’, ‘ಆನ್ ಯೂಟ್ಯೂಬ್’. ‘ಇನ್ ಟಿವಿ’ ಅಂದರೆ ಡಬ್ಬಿಯ ಒಳಗೆ ಎಂದಾಗುತ್ತದೆ.

ಪ್ರಶ್ನೆ: ‘ಫೇಮಸ್ ಥೀಫ್’ ಎಂದು ಬರೆದದ್ದಕ್ಕೆ ಅಂಕ ಕಳೆದರು. ಕಳ್ಳ ಎಲ್ಲರಿಗೂ ಗೊತ್ತಿದ್ದವನೇ ಅಲ್ಲವೇ?
— ಗೋಕಾಕದ ವಿದ್ಯಾರ್ಥಿ

ಉತ್ತರ: ಗೊತ್ತಿರಬಹುದು, ಆದರೆ ಅವನು ‘ನಟೋರಿಯಸ್’. ಕನ್ನಡದಲ್ಲಿ ಪ್ರಖ್ಯಾತ, ಕುಖ್ಯಾತ ಎಂದು ಬೇರೆ ಮಾಡುತ್ತೇವಲ್ಲ, ಅದೇ ಭೇದ. ‘ಇನ್‌ಫಮಸ್’ ಕೂಡ ಕುಖ್ಯಾತ ಎಂದೇ. ಅದನ್ನು ‘ಇನ್‌ಫೇಮಸ್’ ಎಂದು ಓದಬೇಡ, ಒತ್ತು ‘ಇನ್’ ಮೇಲೆ. ಫೇಮಸ್ ಸಂಗಡ ‘ಫಾರ್’ ಬರುತ್ತದೆ: ‘ಗೋಕಾಕ ಈಸ್ ಫೇಮಸ್ ಫಾರ್ ಇಟ್ಸ್ ಕರದಂಟು’.

ಪ್ರಶ್ನೆ: ವಾಟ್ಸ್‌ಆ್ಯಪಿನಲ್ಲಿ ಬರುವ ಸುಳ್ಳು ಸುದ್ದಿಗಳ ಬಗ್ಗೆ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಬೇಕು. ಯಾವ ಶಬ್ದಗಳನ್ನು ಕಲಿಸಲಿ?
— ಶಿಕ್ಷಕರು, ವಿಜಯಪುರ

ಉತ್ತರ: ‘ಮಿಸ್‌ಇನ್‌ಫರ್ಮೇಶನ್’ ಮತ್ತು ‘ಡಿಸ್‌ಇನ್‌ಫರ್ಮೇಶನ್’ ಇವೆರಡನ್ನು ಮೊದಲು ಕಲಿಸಿ. ಎರಡೂ ಸುಳ್ಳೇ. ಗೊತ್ತಿಲ್ಲದೆ ಹಂಚಿದರೆ ಮಿಸ್, ಗೊತ್ತಿದ್ದೂ ಮೋಸ ಮಾಡಲು ಹಂಚಿದರೆ ಡಿಸ್. ಪರಸ್ಥಳದವರು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದಾರೆ ಎಂಬ ಸುಳ್ಳು ಸಂದೇಶವನ್ನು ಬೇಕೆಂದೇ ಸೃಷ್ಟಿಸಿದವನದು ಡಿಸ್‌ಇನ್‌ಫರ್ಮೇಶನ್. ಗಾಬರಿಯಿಂದ ಓಣಿಯ ಗುಂಪಿಗೆ ಫಾರ್ವರ್ಡ್ ಮಾಡಿದ ಚಿಗವ್ವನದು ಮಿಸ್‌ಇನ್‌ಫರ್ಮೇಶನ್. ಈ ಭೇದ ತಿಳಿದ ಮಕ್ಕಳು ಮನೆಯ ಹಿರಿಯರಿಗೆ ಸುಳ್ಳುಗಾರರು ಎನ್ನದೆ ತಿಳಿಸಿ ಹೇಳುವುದನ್ನೂ ಕಲಿಯುತ್ತಾರೆ.

‘ಕ್ಲಿಕ್‌ಬೇಟ್’: ಬೇಟ್ ಅಂದರೆ ಮೀನಿನ ಗಾಳಕ್ಕೆ ಸಿಕ್ಕಿಸುವ ಎರೆಹುಳು, ಹಾಗೆ ಆಸೆ ತೋರಿಸಿ ಕ್ಲಿಕ್ ಮಾಡಿಸುವ ತಲೆಬರಹ ಕ್ಲಿಕ್‌ಬೇಟ್. ‘ಗೋ ವೈರಲ್’: ವೈರಸ್ಸಿನ ಹಾಗೆ ಒಬ್ಬರಿಂದ ಹಲವರಿಗೆ ಹಬ್ಬುವುದು, ‘ಬಿಕಮ್ ವೈರಲ್’ಗಿಂತ ‘ಗೋ ವೈರಲ್’ ರೂಢಿ, ಭೂತಕಾಲದಲ್ಲಿ ‘ವೆಂಟ್ ವೈರಲ್’.

‘ಎಕೋ ಚೇಂಬರ್’ ಕಲಿಸಲು ಮಾತ್ರ ನಿಮ್ಮ ಊರಿಗಿಂತ ಒಳ್ಳೆಯ ಜಾಗ ಇಲ್ಲ. ಮಕ್ಕಳನ್ನು ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹತ್ತಿಸಿ. ಬೆಳಿಗ್ಗೆ ಜನ ಕಡಿಮೆ ಇರುವಾಗಲೇ ಹೋಗಿ, ಗದ್ದಲದಲ್ಲಿ ಏನೂ ಬೇರ್ಪಡಿಸಿ ಕೇಳಿಸುವುದಿಲ್ಲ. ಒಬ್ಬ ಒಂದು ಸಲ ಚಪ್ಪಾಳೆ ತಟ್ಟಲಿ. ಅದೇ ಸದ್ದು ಮತ್ತೆ ಮತ್ತೆ ತಿರುಗಿ ಬರುತ್ತದೆ, ಕಣ್ಣು ಮುಚ್ಚಿದವನಿಗೆ ಬಹಳ ಜನ ತಟ್ಟಿದಂತೆ ಕೇಳಿಸುತ್ತದೆ. ನಮ್ಮ ಅಭಿಪ್ರಾಯದವರನ್ನಷ್ಟೇ ಫಾಲೋ ಮಾಡಿ, ನಮ್ಮ ಮಾತೇ ನೂರು ಬಾಯಿಂದ ತಿರುಗಿ ಬಂದಾಗ ‘ಎಲ್ಲರೂ ಹೀಗೇ ಹೇಳುತ್ತಾರೆ’ ಎಂದು ನಂಬುವುದಕ್ಕೆ ಎಕೋ ಚೇಂಬರ್ ಎನ್ನುತ್ತಾರೆ. ಕೆಳಗೆ ಇಳಿದ ಮೇಲೆ ಪ್ರತಿಯೊಬ್ಬರಿಂದ ಆ ಶಬ್ದ ಬಳಸಿ ಒಂದು ವಾಕ್ಯ ಬರೆಸಿ.

ಪ್ರಶ್ನೆ: ದಿನಕ್ಕೆ ಇಪ್ಪತ್ತು ಶಬ್ದ ಬಾಯಿಪಾಠ ಮಾಡುತ್ತೇನೆ. ವಾರ ಕಳೆಯುವುದರಲ್ಲಿ ಒಂದೂ ನೆನಪಿರುವುದಿಲ್ಲ. ಏನು ಮಾಡಲಿ?
— ಡಿಪ್ಲೊಮಾ ವಿದ್ಯಾರ್ಥಿ, ಅಥಣಿ

ಉತ್ತರ: ಇಪ್ಪತ್ತನ್ನು ಐದಕ್ಕೆ ಇಳಿಸು. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನಗಳಲ್ಲೇ ಜಾರುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ. ಆದ್ದರಿಂದ ಹೊಸದನ್ನು ತುಂಬುವುದಕ್ಕಿಂತ ಜಾರುವ ಮೊದಲು ಹಿಡಿಯುವುದಕ್ಕೆ ವೇಳೆ ಕೊಡು.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪುಟವನ್ನು ಉದ್ದಕ್ಕೆ ಮಡಚಿ ಗೆರೆ ಮಾಡು. ಎಡಗಡೆ ಕನ್ನಡ ಅರ್ಥ, ಬಲಗಡೆ ಇಂಗ್ಲಿಷ್ ಶಬ್ದ. ಶಬ್ದದ ಕೆಳಗೆ ಎರಡು ಸಾಲು ಬಿಟ್ಟು, ಅದರ ಹಿಂದೆ ಮುಂದೆ ಬರುವ ಶಬ್ದದೊಂದಿಗೆ ನಿನ್ನದೇ ಒಂದು ವಾಕ್ಯ ಬರೆ. ಬರೀ ‘ಲುಕ್ ಅಪ್ ಟು ಎಂದರೆ ಗೌರವಿಸು’ ಎಂದು ಬರೆದರೆ ‘ಟು’ ಮುಂದಿನ ವಾರ ಹಾರಿಹೋಗುತ್ತದೆ. ‘ಐ ಲುಕ್ ಅಪ್ ಟು ಮೈ ಅಂಕಲ್’ ಎಂದು ಬರೆದರೆ ಕಾಕಾನ ನೆನಪಿನೊಂದಿಗೆ ಅದೂ ಉಳಿಯುತ್ತದೆ. ಒತ್ತು ಬೀಳುವ ಭಾಗದ ಮೇಲೆ ಕೆಂಪು ಚುಕ್ಕಿ ಇಡು. ನೀನು ಹಿಂದೆ ಮಾಡಿದ ತಪ್ಪು ರೂಪವಿದ್ದರೆ ಅದನ್ನು ಬರೆದು ಮೇಲೊಂದು ಗೆರೆ ಹೊಡೆ.

ಪುಟದ ತಲೆಯ ಮೇಲೆ ನಾಲ್ಕು ತಾರೀಖು ಹಾಕು: ಮರುದಿನ, 3ನೇ ದಿನ, 7ನೇ ದಿನ, 21ನೇ ದಿನ. ಆ ದಿನ ಬಲಭಾಗವನ್ನು ಕೈಯಿಂದ ಮುಚ್ಚಿ, ಕನ್ನಡ ನೋಡಿ ಇಂಗ್ಲಿಷ್ ಹೇಳು. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ, ಅದರಿಂದ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ, ಮಾತಾಡುವಾಗ ಶಬ್ದ ಬಾಯಿಗೆ ಬರುವುದಿಲ್ಲ. ತಪ್ಪಿದ ಶಬ್ದವನ್ನು ಮರುದಿನದ ಐದರಲ್ಲಿ ಒಂದಾಗಿ ಮತ್ತೆ ಸೇರಿಸು.

ಹೋಲುವ ಶಬ್ದಗಳನ್ನು ಒಂದೇ ದಿನ ಕಲಿಯಬೇಡ. ‘ರೈಸ್’ ಇವತ್ತು ಕಲಿತರೆ ‘ರೇಸ್’ ಐದಾರು ದಿನ ಬಿಟ್ಟು ಕಲಿ, ಇಲ್ಲದಿದ್ದರೆ ಎರಡೂ ಕಲಸಿ ಯಾವುದು ಯಾವುದೆಂದು ತಿಳಿಯದಾಗುತ್ತದೆ. ಇವತ್ತಿನ ಅಂಕಣದಲ್ಲಿ ಜೋಡಿ ಶಬ್ದಗಳು ಬಹಳ ಇವೆ. ಇಡೀ ಪುಟವನ್ನು ಒಂದೇ ರಾತ್ರಿ ನೋಟ್‌ಬುಕ್ಕಿಗೆ ಇಳಿಸದೆ, ಪ್ರತಿ ಜೋಡಿಯಿಂದ ಒಂದೊಂದನ್ನು ಈ ವಾರ ತಗೋ.